ದಿನಬಳಕೆಗೆ ಇದು ಸಾಕು ಎಂದವರಿಗೆ

ಸಭೆಯ ಅಧ್ಯಕ್ಷರಾದ ಶ್ರೀ ತಿರುಮಲೇಶ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ವಿಜಯವಾಡದ ನಮ್ಮ ಕನ್ನಡ ಸಂಘದ ಹಿರಿಯರೇ, ಭಾನುವಾರದ ನನ್ನ ಕನ್ನಡ ತರಗತಿಗೆ ಬರುವ ಮತ್ತು ಬರದೆ ತಪ್ಪಿಸಿಕೊಳ್ಳುವ ಮಕ್ಕಳೇ, ಸಭಿಕರೇ,

ಇವತ್ತು ವಾರ್ಷಿಕೋತ್ಸವ, ಸಂತೋಷದ ಮಾತಾಡಬೇಕಾದ ದಿನ. ಆದರೆ ನಾನು ಸಿಟ್ಟಿನಲ್ಲಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಗಿರಿಜಾ ಮೇಡಂಗೆ ಬಿ.ಪಿ. ಏರಿದೆ ಎಂದು ಆಮೇಲೆ ಯಾರೂ ನೀರು ತರಲು ಓಡಬಾರದು.

ಸಂಘದ ಹೊಸ ಕಂಪ್ಯೂಟರ್ ಕೋಣೆಯನ್ನು ನಾನು ಉದ್ಘಾಟಿಸಬೇಕಂತೆ. ಅದಕ್ಕೆ ಮೊದಲು, ಆಟಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಒಳ್ಳೆಯದು, ದಿನಬಳಕೆಗೆ ಯಾವುದು ಎಂದು ಪೋಷಕರಿಗೆ ತಿಳಿಹೇಳಬೇಕಂತೆ. ನಾನು ಚಿತ್ರದುರ್ಗದ ಕಡೆಯವಳು, ಓದಿದ್ದು ಕನ್ನಡ ಎಂ.ಎ. ನನ್ನನ್ನೇ ಏಕೆ ಕೇಳಿದರು? ನಮ್ಮ ಮನೆಯಲ್ಲಿ ವಿಂಡೋಸೂ ಇತ್ತು, ಲಿನಕ್ಸೂ ಇತ್ತು ಎಂದು ಅಧ್ಯಕ್ಷರಿಗೆ ಗೊತ್ತು. ಅವು ಹೇಗೆ ಬಂದವು ಎಂಬುದು ಗೊತ್ತಿಲ್ಲ. ಹೇಳುತ್ತೇನೆ, ಕೇಳಿ.

ನಮ್ಮ ಯಜಮಾನರು ಭಾನುಪ್ರಕಾಶ್ ಅವರಿಗೆ ಆಟೋನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಎರಡನೇ ಸಾಲಿನಲ್ಲಿ ಕೂತಿದ್ದಾರೆ, ನೀವೆಲ್ಲ ಬಲ್ಲಿರಿ. ಮಗಳು ಹಿಮಬಿಂದು ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ಮಗ ಸುಮುಖ ಆಗಷ್ಟೇ ಕಾಲೇಜು ಸೇರಿದ್ದ. ಒಂದು ಸಂಜೆ ಇವರು ಎರಡು ಕಂಪ್ಯೂಟರ್ ತಂದರು. ಮಗನಿಗೆ ಬೆಂಜ್ ಸರ್ಕಲ್ಲಿನ ಶೋರೂಮಿನಿಂದ ಹೊಸದು, ಒಳಗೆಲ್ಲ ಬಣ್ಣದ ದೀಪ ಉರಿಯುವಂಥದ್ದು, ವಿಂಡೋಸ್ ಹಾಕಿದ್ದು. ಮಗಳಿಗೆ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯದು. ಹೊಸ ವಿಂಡೋಸ್ ಅದರೊಳಗೆ ಕೂರುವುದಿಲ್ಲವೆಂದು ಲಿನಕ್ಸ್ ಹಾಕಿಸಿದ್ದರು. ಅದನ್ನು ಜೋಡಿಸಲು ಬಂದವನು ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಪಾಪಕಿ ಡೈಲಿ ಯೂಸ್‌ಕಿ ಇದಿ ಚಾಲು ಮೇಡಂ." ಹುಡುಗಿಯ ದಿನಬಳಕೆಗೆ ಇದು ಸಾಕಂತೆ. ಅವಳ ದಿನ ಎಂಥದ್ದೆಂದು ಅವನಿಗೆ ಹೇಗೆ ಗೊತ್ತು? ಇವರು ಹೌದೆಂದು ತಲೆಯಾಡಿಸಿದರು.

ಲಿನಕ್ಸಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಭಾನುವಾರದ ಪಾಠಗಳನ್ನೆಲ್ಲ ಟೈಪ್ ಮಾಡಿದ್ದು ಅದರಲ್ಲೇ. ಆ ಮುದಿ ಯಂತ್ರ ಒಂದು ದಿನವೂ ನನ್ನನ್ನು ಕಾಯಿಸಲಿಲ್ಲ. ಹಿಮಬಿಂದುವೂ ಗೊಣಗಲಿಲ್ಲ. ವಿಂಡೋಸಿಗೆಂದು ಮಾಡಿದ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ದಾರಿಯನ್ನು ತಾನೇ ಓದಿ ಕಲಿತಳು, ಸಣ್ಣಪುಟ್ಟ ಆಟಗಳೆಲ್ಲ ಓಡಿದವು. ಆದರೆ ಐದೈದು ಜನ ತಂಡ ಕಟ್ಟಿ ಆಡುವ ಒಂದು ಆಟ ಮಾತ್ರ ಅದರಲ್ಲಿ ತೆರೆಯಲೇ ಇಲ್ಲ. ಮೋಸ ಮಾಡುವವರನ್ನು ಹಿಡಿಯಲು ಆ ಆಟದಲ್ಲಿ ಒಂದು ಕಾವಲು ಇದೆ, ಅದು ವಿಂಡೋಸ್ ಇಲ್ಲದವರನ್ನು ಒಳಗೇ ಬಿಡುವುದಿಲ್ಲ. ಅವಳ ಕಾಲೇಜು ತಂಡ ಅವಳನ್ನು ಆರಿಸಿದ್ದು ಅದೇ ಆಟಕ್ಕೆ.

ಸುಮುಖ ತನ್ನ ಯಂತ್ರವನ್ನು ಅಕ್ಕನಿಗೆ ಬಿಟ್ಟುಕೊಟ್ಟ. ಅಭ್ಯಾಸ ನಡೆಯಿತು, ಕಾಲೇಜುಗಳ ನಡುವಿನ ಪಂದ್ಯಗಳೂ ಶುರುವಾದವು. ಒಂದು ಮಧ್ಯಾಹ್ನ ಪಂದ್ಯ ನಡೆಯುತ್ತಿರುವಾಗಲೇ ಇವರು ಅಂಗಡಿಯಿಂದ ಬೇಗ ಬಂದರು. ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಜನ ಹುಡುಗರಿಗೆ ಗಟ್ಟಿ ದನಿಯಲ್ಲಿ ಎಲ್ಲಿ ನಿಲ್ಲಬೇಕು, ಯಾವಾಗ ನುಗ್ಗಬೇಕು ಎಂದು ಹೇಳುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನನ್ನು ದಾಟಿಕೊಂಡು ಹೋಗಿ ಗೋಡೆಯ ಪ್ಲಗ್ಗನ್ನು ಕಿತ್ತರು.

"ಅದು ಹುಡುಗನ ಮಷೀನು. ನಿನಗೆ ಕೊಟ್ಟಿದ್ದು ಸಾಲದೇನು?"

ಅವಳು ಹೆಡ್‌ಫೋನ್ ತೆಗೆದಳು, ಅದರ ವಯರು ಸುತ್ತಿಟ್ಟಳು, ತನ್ನ ಕೋಣೆಗೆ ಹೋದಳು. ತಂಡ ಸೋತು ಹೊರಬಿತ್ತು. ಹಿಂದೆಯೇ ಹೋದ ನನಗೆ ಅವಳು ಹೇಳಿದ್ದು ಒಂದೇ ಮಾತು: "ಅಮ್ಮಾ, ಅವರು ನಾಲ್ಕೂ ಜನ ನನ್ನನ್ನ ನಂಬ್ಕೊಂಡಿದ್ರು."

ಮಹನೀಯರೇ, ನಿಮ್ಮ ಮಗ ಕ್ರಿಕೆಟ್ ಆಡುವಾಗ ಮೈದಾನದ ನಡುವೆ ಹೋಗಿ ಬ್ಯಾಟು ಕಸಿದುಕೊಂಡು ಬರುತ್ತೀರಾ? ಬರುವುದಿಲ್ಲ. ಓವರ್ ಮುಗಿಯುವವರೆಗಾದರೂ ಕಾಯುತ್ತೀರಿ.

ಆ ರಾತ್ರಿ ಊಟಕ್ಕೆ ಕೂತಾಗ ಸುಮುಖ ಬಾಯಿಬಿಟ್ಟ. ನಮ್ಮ ಮನೆಯಲ್ಲಿ ಅಪ್ಪನನ್ನು ತೆಲುಗಿನ ಹಾಗೆ ನಾನ್ನ ಎನ್ನುತ್ತಾರೆ. "ನಾನ್ನಾ, ನನಗೆ ಆಟದ ಹುಚ್ಚೇ ಇಲ್ಲ. ನನ್ನ ಸ್ಟಾಟಿಸ್ಟಿಕ್ಸ್ ಕೆಲಸಕ್ಕೆ ಅಕ್ಕನ ಲಿನಕ್ಸೇ ಚೆನ್ನಾಗಿದೆ. ನೀವು ನನ್ನನ್ನೂ ಕೇಳ್ಲಿಲ್ಲ, ಅವಳನ್ನೂ ಕೇಳ್ಲಿಲ್ಲ."

ಇವರು ನನ್ನ ಕಡೆ ತಿರುಗಿದರು. ಹೀಗೆ ಕಿರುಚುವ ಹುಡುಗಿಯನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಎಂದು ನನ್ನನ್ನು ಕೇಳಿದರು. ನನ್ನನ್ನು ಕೇಳಿದರು. ನಾನು ಈ ಮನೆ ತುಂಬುವಾಗ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ ಕೈಗೆ ಬಂದಿತ್ತು. ಮನೆಯಲ್ಲಿ ಕನ್ನಡ ಮಾತಾಡಲು ಒಬ್ಬಳು ಬಂದಳಲ್ಲ, ಅಷ್ಟು ಸಾಕು, ಕೆಲಸ ಬೇಡ ಎಂದರು ನಮ್ಮ ಅತ್ತೆ. ಆಗಲೂ ಇವರು ತಲೆಯಾಡಿಸಿದ್ದರು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಹೋಗಲಿ, ಹೇಳಿದ್ದಾಯಿತು.

ಮರುದಿನ ಬೆಳಿಗ್ಗೆ ನಾನೂ ಸುಮುಖನೂ ಸೇರಿ ಎರಡು ಯಂತ್ರಗಳನ್ನೂ ಹೊತ್ತು ಅದಲು ಬದಲು ಮಾಡಿದೆವು. ಇವರು ನೋಡಿದರು, ತಿಂಡಿ ತಿನ್ನದೆ ಅಂಗಡಿಗೆ ಹೋದರು. ಅವತ್ತಿನಿಂದ ಇವರಿಗೆ ಮಗಳ ಜೊತೆ ಮಾತಿಲ್ಲ. ಎಂ.ಸಿ.ಎ. ಓದಲು ಅವಳು ವಿಶಾಖಪಟ್ಟಣಕ್ಕೆ ಹೊರಟ ದಿನವೂ ಮಾತಾಡಲಿಲ್ಲ.

ಕಳೆದ ವರ್ಷ ಅಲ್ಲೇ ಹತ್ತಿರದ ಸಿಂಹಾಚಲಂಗೆ ಹೋಗಿಬರುತ್ತೇನೆ ಎಂದು ಇವರಿಗೆ ಹೇಳಿ ಹೊರಟೆ. ಹೋದೆ, ಸ್ವಾಮಿಯ ದರ್ಶನವೂ ಆಯಿತು. ಬೆಟ್ಟ ಇಳಿದ ಮೇಲೆ ಮಾತ್ರ ಎಲ್ಲಿಗೆ ಹೋದೆ ಎಂದು ಇವರಿಗೆ ಹೇಳಿರಲಿಲ್ಲ. ಹೊಸ ತಂಡದೊಂದಿಗೆ ಹಿಮಬಿಂದು ಫೈನಲ್ ಆಡುತ್ತಿದ್ದ ಸಭಾಂಗಣಕ್ಕೆ ಹೋದೆ. ಪರದೆಯ ಮೇಲೆ ನಡೆದದ್ದು ನನಗೆ ಅರ್ಥವಾಗಲಿಲ್ಲ. ಅವಳ ದನಿ ಅರ್ಥವಾಯಿತು. "ಎಡಮ ವೈಪು ಚೂಡು, ನೇನು ವೆನಕ ಉನ್ನಾನು" ಎನ್ನುತ್ತಿದ್ದಳು. ಎಡಕ್ಕೆ ನೋಡು, ಹಿಂದೆ ನಾನಿದ್ದೇನೆ ಎಂದು. ಎಲ್ಲರೂ ಅವಳ ಮಾತು ಕೇಳುತ್ತಿದ್ದರು. ಕೊನೆಗೆ ಸೋತರು. ಗೆದ್ದವರ ಕೈಕುಲುಕಿ ನಕ್ಕಳು, ಆಟೋದಲ್ಲಿ ನನ್ನ ಹೆಗಲ ಮೇಲೆ ಅತ್ತಳು. ಸೋತಿದ್ದಕ್ಕೆ ಎಂದುಕೊಂಡಿದ್ದೆ. ಇಳಿಯುವಾಗ ಕೇಳಿದಳು: "ನಾನ್ನ ಬರಲ್ಲ ಅಂದ್ರಾ, ಅಥವಾ ನೀನು ಹೇಳ್ಲೇ ಇಲ್ವಾ?"

ರೀ, ನಾನು ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ಎದ್ದು ಹೋಗಬೇಡಿ, ಕಾರಿನ ಕೀ ನನ್ನ ಬ್ಯಾಗಿನಲ್ಲಿದೆ.

ಇನ್ನು ನೀವು ಕೇಳಿದ ವಿಷಯ. ಆಡುವ ಆಟ ವಿಂಡೋಸನ್ನೇ ಕೇಳುತ್ತದಾದರೆ ವಿಂಡೋಸ್ ಹಾಕಿಸಿ. ಓದು, ಬರಹ, ಬ್ಯಾಂಕು, ರೈಲು ಟಿಕೆಟ್ಟು ಎಂದರೆ ಲಿನಕ್ಸ್ ಧಾರಾಳ, ಹಳೆಯ ಯಂತ್ರಕ್ಕೂ ಜೀವ ಬರುತ್ತದೆ. ಎರಡೂ ಬೇಕೆಂದರೆ ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಬಹುದು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಆದರೆ ಅಂಗಡಿಗೆ ಹೋಗುವ ಮೊದಲು, ಅದರ ಮುಂದೆ ಕೂರುವವರನ್ನು ಕೇಳಿ.

ಈಗ ನನ್ನ ಸಿಟ್ಟಿನ ಕಾರಣ. ಸಭೆಗೆ ಮುಂಚೆ ಆ ಕೋಣೆಯೊಳಗೆ ಇಣುಕಿದೆ. ಹೊಸ ಯಂತ್ರಗಳ ಸಾಲಿನ ಮೇಲೆ 'ಹುಡುಗರ ಗೇಮಿಂಗ್ ವಿಭಾಗ' ಎಂಬ ಬೋರ್ಡು. ದಾನವಾಗಿ ಬಂದ ಹಳೆಯವುಗಳ ಮೇಲೆ 'ಮಹಿಳೆಯರ ದಿನಬಳಕೆ ವಿಭಾಗ'. ಅಧ್ಯಕ್ಷರೇ, ಇದು ಯಾರ ತಲೆಗೆ ಹೊಳೆದದ್ದು? ನನ್ನ ತರಗತಿಯಲ್ಲಿ ಹನ್ನೊಂದು ಹೆಣ್ಣುಮಕ್ಕಳಿದ್ದಾರೆ. ಅವರನ್ನು ಆ ಬೋರ್ಡಿನ ಕೆಳಗೆ ನಾನು ಕೂರಿಸುವುದಿಲ್ಲ.

ಕತ್ತರಿಯನ್ನು ನನ್ನ ಕೈಗೆ ಕೊಟ್ಟಿದ್ದೀರಿ. ಆ ಬೋರ್ಡುಗಳು ಇಳಿಯುವವರೆಗೆ ರಿಬ್ಬನ್ ಕತ್ತರಿಸುವುದಿಲ್ಲ. ಹೊತ್ತಾಯಿತು ಎಂದು ಚೀಟಿ ಕಳಿಸಬೇಡಿ, ಆ ಕೋಣೆಗೆ ಒಂದು ಸ್ಟೂಲು ಕಳಿಸಿ. ನಾನು ಇಲ್ಲೇ ನಿಂತಿರುತ್ತೇನೆ.

ಮುಖ ಸಿಂಡರಿಸಿಯಾದರೂ ಕೊನೆಯವರೆಗೆ ಕೂತು ಕೇಳಿದ್ದೀರಿ, ನಿಮಗೆಲ್ಲ ವಂದನೆಗಳು. ಸ್ಟೂಲು ಹತ್ತುವವರಿಗೆ ಮುಂಗಡವಾಗಿಯೇ ವಂದನೆಗಳು. ನಮಸ್ಕಾರ.