ವೆಸ್ಲಿಯ ಬೀಗ

ವಿನಿಪೆಗ್ಗಿನ ಆಸ್ಪತ್ರೆಯೆದುರು ಬಸ್ಸಿಗೆ ಕಾಯುತ್ತಿದ್ದ ಎಡ್ನಾಳ ಪಕ್ಕದಲ್ಲಿ ಬಿಸ್ಕತ್ತು ಕಾರ್ಖಾನೆಯ ಕೋಟು ತೊಟ್ಟ ಇಬ್ಬರು ಕುಳಿತಿದ್ದರು. ಕಿವಿಗೊಡಬಾರದೆಂದುಕೊಂಡರೂ ಆಗಲಿಲ್ಲ.

"ವೆಸ್ಲಿ ಯಂತ್ರ ತೊಳೆಯೋಕೆ ಒಳಗಿಳಿಯೋ ಮುಂಚೆ, ಯಾರೂ ಓಡಿಸದ ಹಾಗೆ ಸ್ವಿಚ್ಚಿಗೆ ತನ್ನ ಬೀಗ ಹಾಕಿದ್ದ. ಕಣ್ಣಾರೆ ನೋಡ್ದೆ, ಡಾರ್ಲಾ."

"ಮತ್ತೆ ಮ್ಯಾನೇಜರ್ ಅದನ್ನ ಯಾಕೆ ಕತ್ತರಿಸ್ದ, ಗಾರ್ಥ್?"

"ದಿನಾ ಯಾರಾದ್ರೂ ಬೀಗ ತೆಗೆಯೋದು ಮರೆತು ಮನೆಗೆ ಹೋಗ್ತಾರಲ್ಲ. ಇದೂ ಹಾಗೇ ಅಂದ್ಕೊಂಡು ಯಂತ್ರ ಓಡಿಸ್ದ."

"ಒಳಗೆ ಬಗ್ಗಿ ನೋಡೋಕೂ ಪುರುಸೊತ್ತಿಲ್ವಾ ಮಹಾರಾಯನಿಗೆ?"

"ಈಗ ವೆಸ್ಲಿ ಬೀಗಾನೇ ಹಾಕಿರ್ಲಿಲ್ಲ ಅಂತ ಬರ್ಕೊಡು ಅಂತ ಕಂಪನಿಯೋರು ನಂಗೆ ಹೇಳಿದ್ರು. ಇಲ್ದಿದ್ರೆ ಕೆಲಸ ಇಲ್ಲ ಅಂದ್ರು."

"ವೆಸ್ಲಿ ಏನಂತಾನೆ?"

"ಎರಡೂ ಕೈ ಹೋಗಿದೆ. ಆದ್ರೂ, 'ನೀನು ನೋಡಿದ್ದೀಯಲ್ಲ, ಅಷ್ಟು ಸಾಕು' ಅಂದ."

"ನೀನೇನಂದೆ?"

"ಆಗ್ಲೇ ಬರ್ಕೊಟ್ಟಿದೀನಿ ಅಂತ ಹೇಳೋಕಾಗ್ಲಿಲ್ಲ."

ಬಸ್ಸು ಬಂತು. ಡಾರ್ಲಾ ಮೊದಲು ಹತ್ತಿ ಕುಳಿತು, ಪಕ್ಕದ ಸೀಟಿನ ಮೇಲೆ ತನ್ನ ಚೀಲವನ್ನಿಟ್ಟಳು.