ಟವೆಲಿನ ತುದಿಯ ಗಂಟು

ದೀಪ ಆರಿಸಬೇಡಿ... ಹೇಳ್ತೇನೆ.

ಇದು ನನ್ನ ಚಿಕ್ಕಪ್ಪನ ಮಗ ಸುಭಾಷನಿಗೆ ಆದದ್ದು. ನಾನು ಆಶಾ ಕಾರ್ಯಕರ್ತೆ, ಮನೆಮನೆಗೆ ಜ್ವರ ನೋಡಿಕೊಂಡು ತಿರುಗುವವಳು. ದೆವ್ವ ಗಿವ್ವ ಅಂದರೆ ನಗುತ್ತಿದ್ದೆ. ಈಗ ನಗುವುದಿಲ್ಲ.

ಸುಭಾಷ ಕಡೇ ಬಸ್ಸಿಗೆ ಕೋಲಸಿರ್ಸಿಯಲ್ಲಿ ಇಳಿದ. ಗದ್ದೆ ಅಂಚಿನ ಮೇಲೆ ನಡೆದು ಮನೆಗೆ ಹೊರಟ. ಬೈರಣ್ಣನ ಬಾವಿ ಹತ್ತಿರ ಬಂತು. ಗಾಳಿ ಇಲ್ಲ. ಆದರೂ ರಾಟೆ ತಿರುಗಿತು... ಕಿರ್ರ್... ಕಿರ್ರ್... ನಿಂತಿತು. ಬೆನ್ನ ಹಿಂದೆ ಯಾರೋ ಒಂದು ಕಾಲು ಎಳೆಯುತ್ತಿದ್ದರು. ಸರ್ರ್... ಟಪ್. ಸರ್ರ್... ಟಪ್.

ಪಕ್ಕದ ಗದ್ದೆಯ ಬೈರಣ್ಣ ಸತ್ತು ಆಗ ಒಂದು ವರ್ಷ.

ಹೇಗೆ ಸತ್ತ ಅಂತ ಕೇಳಿ. ಕೊಯ್ದ ಭತ್ತದ ಹೊರೆ ಎತ್ತುವಾಗ ಪಾದಕ್ಕೆ ಹಾವು ಕಚ್ಚಿತು. ಜೊತೆಗಿದ್ದವನು ಸುಭಾಷ ಒಬ್ಬನೇ. ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆಗೆ ಒಯ್ಯಿರಿ ಅಂತ ನಾನೇ ಶಾಲೆಯ ಜಗಲಿಯಲ್ಲಿ ಮೀಟಿಂಗ್ ಮಾಡಿ ಹೇಳಿದ್ದೆ. ಸುಭಾಷ ಮುಂದೆಯೇ ಕೂತು ತಲೆ ಆಡಿಸಿದ್ದ. ಹಾಗಾಗಿ ಮಹಾರಾಯ ಕಾಲಿಗೆ ಕಟ್ಟಲಿಲ್ಲ. ಟವೆಲಿಗೆ ಕಟ್ಟಿದ!

ಮಂತ್ರ ಹಾಕುವವನಿಗೆ ಫೋನ್ ಮಾಡಿದನಂತೆ. "ಅವನ ಟವೆಲಿನ ತುದಿಗೆ ಗಂಟು ಹಾಕು, ವಿಷ ಅಲ್ಲೇ ನಿಲ್ತದೆ. ಇಲ್ಲಿಗೆ ಕರ್ಕೊಂಡು ಬಾ, ನಾನೇ ಬಿಚ್ತೆ" ಅಂದನಂತೆ ಅವನು.

ಬೈರಣ್ಣ ಅಂದ, "ತಮಾ, ಆಸ್ಪತ್ರೆಗೇ ಹೋಗಣ."

ಸಿದ್ದಾಪುರ ಹತ್ತು ನಿಮಿಷದ ದಾರಿ. ಸುಭಾಷ ಬೈಕನ್ನು ಆಚೆ ಕಡೆ, ಮಂತ್ರದವನ ಮನೆಯ ಕಾಡುದಾರಿಗೆ ತಿರುಗಿಸಿದ. ನನ್ನ ಮನೆ ಮುಂದೆಯೇ ಹೋಯಿತು ಬೈಕು. ನಾನು ನೋಡಿದೆ.

ದಾರಿಯಲ್ಲಿ ಬೈರಣ್ಣನ ರೆಪ್ಪೆ ಇಳಿಯಿತು, ನಾಲಿಗೆ ದಪ್ಪಗಾಯಿತು. ಇನ್ನೊಂದು ಸಲ ಆಸ್ಪತ್ರೆ ಅಂದ. ಸುಭಾಷ ಅಂದದ್ದು ಇಷ್ಟು: "ಗಂಟು ಗಟ್ಟಿ ಉಂಟು ಬೈರಣ್ಣ, ಹೆದರಬೇಡ."

ಅರ್ಧ ದಾರಿಯಿಂದ ಬೈಕು ತಿರುಗಿಸಿ ಕೊನೆಗೆ ಆಸ್ಪತ್ರೆ ಮುಟ್ಟಿದಾಗ ಜೀವ ಇರಲಿಲ್ಲ, ಗಂಟು ಮಾತ್ರ ಹಾಗೇ ಇತ್ತು. ಹೆಂಡತಿ ಚೌಡಮ್ಮನಿಗೆ ಸುಭಾಷ ಹೇಳಿದ, "ಅವನೇ ಮಂತ್ರವೇ ಆಗಬೇಕು ಅಂತ ಹಟ ಹಿಡಿದ." ಆ ಹೆಂಗಸು ವರ್ಷವಿಡೀ ಸತ್ತ ಗಂಡನನ್ನು ಬೈದಳು. ಹಟಮಾರಿ, ನನ್ನ ಬಾಳು ಹಾಳು ಮಾಡಿದ ಅಂತ. ನನಗೆ ಅನುಮಾನ ಇತ್ತು. ಬೈರಣ್ಣ ಹಟ ಮಾಡುವ ಮನುಷ್ಯನೇ ಅಲ್ಲ. ಆದರೆ ಸುಭಾಷ ನಮ್ಮವ... ಬಾಯಿ ಮುಚ್ಚಿಕೊಂಡೆ.

ಹಾಂ, ಬಾವಿ.

ಸದ್ದು ಹತ್ತಿರ ಬಂತು. ಸರ್ರ್... ಟಪ್. ಸುಭಾಷನ ಕೈಗೆ ಏನೋ ತಾಗಿತು. ಒದ್ದೆ ಬಟ್ಟೆ. ಬೈರಣ್ಣನ ಕೆಂಪು ಟವೆಲು. ಅದನ್ನು ಸುಭಾಷನೇ ಹೆಣದ ಮೇಲೆ ಹೊದೆಸಿದ್ದ, ಅವನ ಕಣ್ಣೆದುರೇ ಅದು ಚಿತೆಯಲ್ಲಿ ಸುಟ್ಟುಹೋಗಿತ್ತು.

ಕಿವಿಯ ಹತ್ತಿರ ತೊದಲು ದನಿ. "ತಮಾ... ಬಿಚ್ಚು."

ಬಿಚ್ಚಲು ನೋಡಿದ. ಗಂಟು ಕಲ್ಲಿನ ಹಾಗೆ. ಉಗುರು ಮುರಿಯಿತು... ಟಕ್. "ತಪ್ಪಾಯ್ತು ಬೈರಣ್ಣ, ನಾನೇ ಕೊಂದೆ ನಿನ್ನ" ಅಂತ ಅತ್ತ.

"ನನ್ನತ್ರ ಅಲ್ಲ... ಅವಳತ್ರ ಹೇಳು."

ಅಲ್ಲಿಂದಲೇ ಓಡಿ ಚೌಡಮ್ಮನ ಬಾಗಿಲು ಬಡಿದ. ನಿಂತಲ್ಲೇ ಎಲ್ಲ ಹೇಳಿದ.

ಅವಳು ಕೇಳಿದ್ದು ಒಂದೇ. "ಆಸ್ಪತ್ರೆಗೆ ಹೋಗಣ ಅಂದಿದ್ನಾ ಅವ?"

"ಅಂದಿದ್ದ ಅತ್ತಿಗೆ. ಎರಡು ಸಲ."

ಚೌಡಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. "ಅಯ್ಯೋ, ವರ್ಷವಿಡೀ ಬೈದ್ನಲ್ಲೋ ಅವ್ನಿಗೆ..." ಅಂತ ಎದೆ ಬಡಿದುಕೊಂಡು ಅತ್ತಳು. ಸುಭಾಷನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಬೆಳಗ್ಗೆ ಅವನು ನನ್ನ ಹತ್ತಿರ ಬಂದ. ಹೆಬ್ಬೆರಳಿನ ಉಗುರು ಬುಡದವರೆಗೆ ಸೀಳಿತ್ತು. ಒಳಗೆ ಏನೋ ಸಿಕ್ಕಿಕೊಂಡಿತ್ತು. ನಾನೇ ಪಿನ್ನಿನಲ್ಲಿ ಎಳೆದು ತೆಗೆದೆ. ಒದ್ದೆಯಾದ ಕೆಂಪು ನೂಲು.

ಸುಳ್ಳು ಅನ್ನಬೇಡಿ, ನನ್ನ ಹತ್ತಿರವೇ ಇದೆ. ಥರ್ಮಾಮೀಟರಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬೈಕು ಯಾವ ಕಡೆ ಹೋಯಿತು ಅಂತ ನಾನು ನೋಡಿದ್ದೆ, ಅನುಮಾನ ಇದ್ದೂ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು ಚೌಡಮ್ಮನಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳಬೇಕು.

ಇಟ್ಟಾಗ ಆ ನೂಲು ನೆಟ್ಟಗಿತ್ತು. ಈಗ ನಡುವೆ ಒಂದು ಗಂಟು ಬಿದ್ದಿದೆ. ನಾನಂತೂ ಹಾಕಿದ್ದಲ್ಲ.