ಡ್ರಮ್ ಮೇಲೆ ಕೂತ ಮುಖ

ಆ ಬಾಗಿಲು ಹಾಕಿ. ಲೈಟು ಇರಲಿ ಬಿಡಿ. ಇದು ಅವರಿವರು ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗಳಿಗೆ, ನಮ್ಮಕ್ಕನಿಗೆ ಆದದ್ದು.

ಅವಳು ಕೆಲಸ ಮುಗಿಸಿ ರಾತ್ರಿ ಮನೆಗೆ ಬರೋ ದಾರೀಲಿ ಒಂದು ಹಳೇ ಬಾವಿ ಇತ್ತು. ಬಾವಿ ಅಂದ ಕೂಡಲೇ ಹೀಗೆ ಹತ್ತಿರ ಸರಿದು ಕೂರಬೇಡಿ. ದೆವ್ವ ಬಾವೀಲಿರಲಿಲ್ಲ. ಆ ಬಾವಿಗೆ ಪಂಪು ಹಾಕಿ ನೀರೆಲ್ಲ ಎತ್ತಿಸಿ, ತಳದ ಕೆಸರನ್ನೂ ತಡಕಿ ನೋಡಿಯಾಗಿತ್ತು. ಏನೂ ಸಿಕ್ಕಿರಲಿಲ್ಲ. ಆದರೂ ಅಕ್ಕ ದಿನಾ ಅಲ್ಲಿ ನಿಲ್ಲೋಳು. ಕಟ್ಟೆ ಮೇಲೆ ಕೈಯಿಟ್ಟು, ಬಗ್ಗಿ, ಮೆಲ್ಲಗೆ ಕರೆಯೋಳು... "ಗುಬ್ಬೀ..."

ಗುಬ್ಬಿ ಅವಳ ಮಗಳು. ಒಂದನೇ ಕ್ಲಾಸು. ಶಾಲೆ ಬಿಟ್ಟು ಹೊರಟವಳು ಮನೆಗೆ ಬರಲಿಲ್ಲ. ಪೊಲೀಸರು ಬಂದರು, ಕೇಳಿದರು, ಹೋದರು. ಭಾವ ಊರೂರು ಅಲೆದು ಸಿಕ್ಕ ಗೋಡೆಗೆಲ್ಲ ಗುಬ್ಬಿಯ ಪೋಸ್ಟರ್ ಅಂಟಿಸ್ತಿದ್ದರು. ಆ ಪೋಸ್ಟರ್ ಮಾಡಿ ಕಳಿಸ್ತಿದ್ದವಳು ಅಕ್ಕ. ಅವಳಿದ್ದದ್ದು ಪ್ರಿಂಟಿಂಗ್ ಅಂಗಡೀಲಿ. ಯಜಮಾನರು ಒಳ್ಳೆಯವರು, ರಾತ್ರಿ ಹೊತ್ತು ಮೆಷಿನ್ ನಿನ್ನದೇ ಅಂದುಕೊಳ್ಳಮ್ಮ ಅಂತ ಬೀಗದ ಕೈ ಕೊಟ್ಟಿದ್ದರು.

ಆ ಮೆಷಿನ್ ಒಳಗೆ ಒಂದು ಡ್ರಮ್ ಇರುತ್ತೆ. ಲಟ್ಟಣಿಗೆ ತರ ಉದ್ದಕ್ಕೆ, ನುಣ್ಣಗೆ. ಚಿತ್ರ ಮೊದಲು ಅದರ ಮೇಲೆ ಕರೀ ಪುಡಿಯಲ್ಲಿ ಮೂಡಿ, ಆಮೇಲೆ ಹಾಳೆಗೆ ಇಳಿಯೋದು. ಪ್ರತಿ ಸಲ ಒಂಚೂರು ಪುಡಿ ಡ್ರಮ್ ಮೇಲೇ ಉಳಿದುಬಿಡುತ್ತೆ. ಅದು ಕೂತೂ ಕೂತೂ, ಕನ್ನಡಿಗೆ ಹಬೆ ಹಿಡಿದ ಹಾಗೆ ಪೊರೆ ಕಟ್ಟುತ್ತೆ. ಅದು ಕಟ್ಟದ ಹಾಗೆ ಕಾಯೋದೇ ಅಕ್ಕನ ಕೆಲಸ. ಆಗಾಗ ಏನೂ ಅಚ್ಚು ಹಾಕದೆ ಬರೀ ಖಾಲಿ ಹಾಳೆ ಬಿಟ್ಟು ನೋಡೋದು. ಬಿಳಿಯಾಗೇ ಈಚೆ ಬಂತೋ, ಡ್ರಮ್ ಚೊಕ್ಕಟ. ಕಲೆ ಬಂತೋ, ಒರೆಸಬೇಕು. ಅದೂ ಕತ್ತಲೆ ಮಾಡ್ಕೊಂಡು. ಬೆಳಕು ಬಿದ್ದರೆ ಡ್ರಮ್ ಹಾಳಾಗುತ್ತೆ. ಈ ವಿಷಯದಲ್ಲಿ ಅಕ್ಕ ಎಂಥ ಕಟ್ಟುನಿಟ್ಟು ಅಂದರೆ, ಅವಳು ಹಾಳೆ ನೋಡಿ ಹ್ಞೂಂ ಅನ್ನೋವರೆಗೂ ಯಜಮಾನರೇ ಅಚ್ಚು ಶುರು ಮಾಡುತ್ತಿರಲಿಲ್ಲ.

ಅಂಥವಳು ಖಾಲಿ ಹಾಳೆ ಬಿಡೋದನ್ನೇ ನಿಲ್ಲಿಸಿಬಿಟ್ಟಳು. ಅಷ್ಟು ಹೊತ್ತಲ್ಲಿ ಇನ್ನೊಂದು ಪೋಸ್ಟರ್ ಆಗುತ್ತಲ್ಲ ಅನ್ನೋ ಹಪಾಹಪಿ. ರಾತ್ರಿಯಿಡೀ ಗಿರ್ರ್... ಸರಕ್. ಗಿರ್ರ್... ಸರಕ್. ಅದೇ ಮುಖ, ಅದೇ ಜಾಗದಲ್ಲಿ. ಕಣ್ಣಿಗೆ ನಿದ್ದೆಯಿಲ್ಲ, ಹೊಟ್ಟೆಗೆ ಕೂಳಿಲ್ಲ. ನಾವು ಏನು ಹೇಳಿದರೂ ಕಿವಿಗೆ ಹಾಕ್ಕೊಳ್ಳೋಳಲ್ಲ.

ಒಂದು ದಿನ ಭಾವ ಫೋನ್ ಮಾಡಿದರು. "ಏನೇ ಇದು, ಮುಖಾನೇ ಕಾಣ್ತಾ ಇಲ್ಲ. ಬರೀ ಮಸಿ. ಇದನ್ನ ನೋಡಿ ಯಾರು ಗುರುತು ಹಿಡೀತಾರೆ?"

ಆವತ್ತು ರಾತ್ರಿ ಅಕ್ಕ ಖಾಲಿ ಹಾಳೆ ಬಿಟ್ಟಳು.

ಹಾಳೆ ತುಂಬ ಗುಬ್ಬಿ. ತೆಳ್ಳಗೆ, ಬೂದು ಬಣ್ಣದಲ್ಲಿ. ಅಕ್ಷರ ಇಲ್ಲ, ಫೋನ್ ನಂಬರ್ ಇಲ್ಲ... ಮುಖ ಒಂದೇ. ಅಕ್ಕ ಹೆದರಲಿಲ್ಲ. ಎತ್ತಿ ಮುತ್ತು ಕೊಟ್ಟಳಂತೆ. ತುಟಿಗೆಲ್ಲ ಮಸಿಯಾಯ್ತಂತೆ. ಹೆತ್ತವಳ ಸಂಕಟ, ನಗಬೇಡಿ.

ಇನ್ನೊಂದು ಹಾಳೆ ಬಿಟ್ಟಳು. ಕಣ್ಣು ಅರ್ಧ ಮುಚ್ಚಿತ್ತು. ಮತ್ತೊಂದು... ಬಾಯಿ ತೆರೆದಿತ್ತು.

ಮಾರನೇ ದಿನ ಯಜಮಾನರು ಮೆಕ್ಯಾನಿಕ್ಕನ್ನ ಕರೆಸಿದರು. ಅವನು ಕೈ ಒರೆಸ್ಕೊಳ್ತಾ, "ಪೊರೆ ಕಟ್ಟಿದೆ ತಂಗಿ. ಒಂದೇ ಚಿತ್ರ ಹೊಡೆದೂ ಹೊಡೆದೂ ಅಲ್ಲೇ ಕೂತುಬಿಟ್ಟಿದೆ. ಒರೆಸಿದರೆ ಹೋಗುತ್ತೆ" ಅಂದ.

"ಒರೆಸಬೇಡಿ ಅಣ್ಣಾ. ಒರೆಸಿದರೆ ನನ್ನ ಮಗು ಹೋಗ್ಬಿಡ್ತಾಳೆ."

"ಅದು ಬರೀ ಪುಡಿ ಕಣಮ್ಮಾ."

ಅಕ್ಕ ಪೋಸ್ಟರನ್ನೂ ರಾತ್ರಿ ಬಂದ ಆ ಹಾಳೆಯನ್ನೂ ಅಕ್ಕಪಕ್ಕ ಇಟ್ಟಳು. ಪೋಸ್ಟರಿನಲ್ಲಿ ಗುಬ್ಬಿ ತುಟಿ ಮುಚ್ಚಿ ನಗ್ತಿದ್ದಳು. ಈ ಹಾಳೇಲಿ... ನೀರಿಂದ ತೆಗೆದ ಮೀನಿನ ಹಾಗೆ ಬಾಯಿ. ಮೆಕ್ಯಾನಿಕ್ ಒಂದು ಸಲ ಅದನ್ನ ನೋಡಿದ, ಒಂದು ಸಲ ಇದನ್ನ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದವನು, ತನ್ನ ಸಾಮಾನಿನ ಚೀಲ ತಗೊಳ್ಳೋಕೂ ವಾಪಸ್ ಬರಲಿಲ್ಲ.

ರಾತ್ರಿ ಅಕ್ಕ ಒಬ್ಬಳೇ. ಪೋಸ್ಟರ್ ಹೊಡೆಯೋ ಹಾಗಿಲ್ಲ, ಒರೆಸೋಕೆ ಕೈ ಬರ್ತಿಲ್ಲ. ಮೆಷಿನ್ ಆಫ್ ಮಾಡಿ, ವೈರನ್ನೂ ಕಿತ್ತು, ಅದಕ್ಕೇ ಒರಗಿ ಕೂತಳು. ಲೈಟೂ ಆರಿಸಿದ್ದಳು.

ಗಿರ್ರ್...

ಕರೆಂಟಿಲ್ಲದ ಮೆಷಿನ್. ಒಳಗೆ ಡ್ರಮ್ ಒಂದು ಸುತ್ತು ತಿರುಗಿತು. ಟಕ್. ನಿಂತಿತು. ಆಮೇಲೆ ಉಗುರಲ್ಲಿ ಕೆರೆದ ಹಾಗೆ... ಕೆರ... ಕೆರ...

"ಅಮ್ಮಾ..."

ಅಕ್ಕ ಮೆಷಿನ್ನಿಗೆ ಕಿವಿಯಿಟ್ಟಳು. "ಗುಬ್ಬೀ? ಎಲ್ಲಿದೀಯೇ?"

"ಉಸಿರು... ಕಟ್ತಿದೆ... ಮುಖದ ಮೇಲೆಲ್ಲ ಏನೋ..."

ಆಗ ಹೊಳೀತಂತೆ ಅವಳಿಗೆ. ಹುಡುಕ್ತೀನಿ ಹುಡುಕ್ತೀನಿ ಅಂತ, ಇಷ್ಟು ದಿನ ತಾನೇ ಮಗಳ ಮುಖದ ಮೇಲೆ ಪದರದ ಮೇಲೆ ಪದರ ಸುರೀತಿದ್ದದ್ದು.

"ಒರೆಸಿದರೆ ನೀ ಹೋಗ್ಬಿಡ್ತೀಯಲ್ಲೇ..."

"ಬೇಗ... ಅಮ್ಮಾ..."

ಅಕ್ಕ ಕತ್ತಲಲ್ಲೇ ಮುಚ್ಚಳ ತೆಗೆದಳು. ಮೆತ್ತನೆ ಬಟ್ಟೆ ಸುತ್ತಿಕೊಂಡು ಕೈ ಒಳಗೆ ಹಾಕಿದಳು. ಡ್ರಮ್ ಅಂದರೆ ಗಾಜಿನ ಹಾಗೆ ನುಣುಪು, ಉಬ್ಬಿಲ್ಲ ತಗ್ಗಿಲ್ಲ. ಆದರೆ ಬಟ್ಟೆಯ ಕೆಳಗೆ ಅವಳ ಬೆರಳಿಗೆ... ಮೂಗು ಸಿಕ್ಕಿತು. ಪುಟ್ಟ ಮೂಗು. ಬೆಚ್ಚಗಿತ್ತು. ಅದರ ಕೆಳಗೆ ತುಟಿ. ಊಟ ಆದಮೇಲೆ ಗುಬ್ಬಿಯ ಮೂತಿ ಒರೆಸೋ ಹಾಗೇ ಒರೆಸಿದಳು. ಹಣೆ, ಕೆನ್ನೆ, ಗಲ್ಲ. ಅಳ್ತಾ ಅಳ್ತಾ ಒರೆಸಿದಳು. ಅವಳ ಕೈಯಡೀಲೇ ಅದು ಕರಗ್ತಾ ಬಂತು. ಹಾ... ಅಂತ ಒಂದು ಉದ್ದನೆ ಉಸಿರು ಬಂದು ಮಣಿಕಟ್ಟಿಗೆ ತಾಗಿತು. ಆಮೇಲೆ ಕೈಗೆ ಸಿಕ್ಕಿದ್ದು ತಣ್ಣನೆ ಡ್ರಮ್ ಅಷ್ಟೇ.

ವೈರ್ ಸಿಕ್ಕಿಸಿ ಖಾಲಿ ಹಾಳೆ ಬಿಟ್ಟಳು. ಸರಕ್. ಬಿಳಿ. ಒಂದು ಚುಕ್ಕೆ ಇಲ್ಲ.

ಮಗಳನ್ನ ನಾನೇ ಅಳಿಸಿಬಿಟ್ಟೆ ಅಂತ ಎದೆ ಬಡ್ಕೊಂಡು ಅತ್ತಳಂತೆ ನಮ್ಮಕ್ಕ. ತಡೀರಿ, ಒಂದು ಗುಟುಕು ನೀರು ಕುಡೀತೀನಿ...

ಬೆಳಕು ಹರಿಯೋ ಹೊತ್ತಿಗೆ ಕಾಲೆಳೀತಾ ಮನೆಗೆ ಬಂದಳು. ಬಾವಿ ಹತ್ತಿರ ಆವತ್ತು ನಿಲ್ಲಲೂ ಇಲ್ಲ. ಮನೆ ಮೆಟ್ಟಿಲ ಮೇಲೆ ಗುಬ್ಬಿ ಕೂತಿದ್ದಳು. ಬೆನ್ನಿಗೆ ಶಾಲೆ ಚೀಲ. ಬಟ್ಟೆಯೆಲ್ಲ ಧೂಳು, ತಲೆ ತುಂಬ ಜೇಡರ ಬಲೆ. ಮುಖ ಮಾತ್ರ ಈಗ ತಾನೇ ತೊಳೆದ ಹಾಗೆ.

"ಎಲ್ಲಿದ್ದೆ ಕಂದಾ?"

"ಗೊತ್ತಿಲ್ಲಮ್ಮ. ಹಸಿವು."

ಅಷ್ಟೇ. ಯಾರು ಹೇಗೆ ಕೇಳಿದರೂ, ಇವತ್ತಿಗೂ ಅಷ್ಟೇ.

ಈಗ ಗುಬ್ಬಿ ಕಾಲೇಜು ಹುಡುಗಿ. ಅನ್ನಾನೂ ತಿಂತಾಳೆ, ನನ್ನ ತಲೇನೂ ತಿಂತಾಳೆ. ಹೋದ ವಾರ ಕಾಲೇಜಿನ ಕಾರ್ಡು ಜೆರಾಕ್ಸ್ ಮಾಡಿಸಬೇಕು ಬಾ ಮಾಮ ಅಂದಳು, ಹೋದೆ. ಅಂಗಡಿಯವನು ಪ್ರತಿ ತೆಗೆದ, ನೋಡಿದ, ಹುಬ್ಬು ಗಂಟಿಕ್ಕಿ ಇನ್ನೊಂದು ತೆಗೆದ. ಮೆಷಿನ್ ಕೆಟ್ಟಿರಬೇಕು ಅಂತ ನನ್ನ ಕಾರ್ಡ್ ಹಾಕಿ ನೋಡಿದ. ನನ್ನ ಈ ಮೂತಿ ಮೀಸೆ ಸಮೇತ ಚೆನ್ನಾಗೇ ಬಂತು. ಮತ್ತೆ ಅವಳದನ್ನ ಹಾಕಿದ. ಜಡೆ ಇದೆ. ಓಲೆ ಇದೆ. ಕಾಲರ್ ಇದೆ. ಮುಖ ಇರೋ ಕಡೆ ಬರೀ ಬಿಳಿ.

ನಾನು ಆ ಕೌಂಟರ್ ಮುಂದೇನೇ ನಿಂತಿದ್ದೆ, ಈ ಕಣ್ಣಲ್ಲೇ ನೋಡಿದೆ. ಗುಬ್ಬಿ ಆ ಹಾಳೆ ಮಡಚಿ ಚೀಲಕ್ಕೆ ಹಾಕ್ಕೊಂಡಳು. "ನಡಿ ಮಾಮ," ಅಂದಳು. "ಎಲ್ಲಾ ಅಂಗಡೀಲೂ ಹೀಗೇ ಬರೋದು."